ಸಂಪಿನೊಳಗಿನ ಸಿಗ್ನಲ್

ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಸುಬೇದಾರನಾಗಿ ನಿವೃತ್ತನಾದವನಿಗೆ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಅಪಾರ್ಟ್‌ಮೆಂಟಿನ ಭದ್ರತೆಯ ಕೆಲಸ. ನಾನು ಮೊದಲು ಅದನ್ನು ತಪ್ಪಿಸಿಕೊಂಡು, ಅಕ್ಕನ ಮಗನೊಡನೆ ಶಾಲಾ ಬಸ್ಸುಗಳಿಗೆ ಜಿಪಿಎಸ್ ಅಳವಡಿಸುವ ಕಂಪನಿ ತೆರೆದೆ. 2020ರಲ್ಲಿ ಶಾಲೆಗಳು ಮುಚ್ಚಿದವು, ಕಂಪನಿಯೂ ಮುಚ್ಚಿತು. ಮತ್ತೆ ಅದೇ ದಾರಿ: ವರ್ತೂರಿನ ಕಡೆಯ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಎಸ್ಟೇಟ್ ಮ್ಯಾನೇಜರ್.

ಅಲ್ಲಿ ನನ್ನ ಹೊತ್ತೆಲ್ಲ ಹೋದದ್ದು ನೀರಿನ ಲೆಕ್ಕಕ್ಕೆ. ಟ್ಯಾಂಕರ್ ಬಂದಾಗ ಸಂಪಿನ ಮುಚ್ಚಳ ತೆಗೆದು, ಕೋಲು ಇಳಿಸಿ, ಒದ್ದೆಯಾದ ಗುರುತು ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ. ಮೇಲಿನ ಮನೆಗಳಲ್ಲಿ ಇಡೀ ಜಗತ್ತಿಗೆ ಸಾಫ್ಟ್‌ವೇರ್ ಬರೆಯುವವರು, ಕೆಳಗೆ ಕೋಲು! ಸಂಪಿನ ನೀರಿನ ಮಟ್ಟವನ್ನು ರೇಡಿಯೋ ಮೂಲಕ ತಿಳಿಸುವ ಪೆಟ್ಟಿಗೆ ಮಾಡುವ ನಮ್ಮ ಎರಡನೆಯ ಕಂಪನಿ ಹುಟ್ಟಿದ್ದು ಅಲ್ಲಿಂದ. ಸೈನಿಕರು ಪಿಂಚಣಿಯ ಅರ್ಧದವರೆಗೆ ಮುಂಗಡವಾಗಿ ಇಡಿಗಂಟಿನಲ್ಲಿ ಪಡೆಯಬಹುದು, ಆ ಪಾಲು ತಿಂಗಳ ಪಿಂಚಣಿಗೆ ಮರಳುವುದು 15 ವರ್ಷಗಳ ನಂತರ. ಹಾಗೆ ಬಂದ ಹಣದಲ್ಲಿ ಉಳಿದದ್ದೇ ನಮ್ಮ ಬಂಡವಾಳ. ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ನೆಲಮಾಳಿಗೆಯ ಕಾಂಕ್ರೀಟಿನಡಿ ವೈಫೈ ಸಿಗುವುದಿಲ್ಲ. ಅದಕ್ಕಿಂತ ಕೆಳಗಿನ ಫ್ರೀಕ್ವೆನ್ಸಿ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಸೇನೆಯಲ್ಲಿ ನಮಗೆ ಗೊತ್ತುಮಾಡಿಕೊಟ್ಟ ಫ್ರೀಕ್ವೆನ್ಸಿ ಬಿಟ್ಟು ಒಂದು ಕೂದಲೆಳೆ ಆಚೀಚೆ ಹೋಗುವಂತಿರಲಿಲ್ಲ. ಇಲ್ಲಿ 865ರಿಂದ 868 ಮೆಗಾಹರ್ಟ್ಸ್ ತನಕ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸೇ ಬೇಡ. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಮಟ್ಟ ಅಳೆಯುವ ಪೆಟ್ಟಿಗೆಯನ್ನು ಮನೆಯಲ್ಲೇ ಜೋಡಿಸಿದೆವು.

ಅಪಾರ್ಟ್‌ಮೆಂಟಿನ ನಿವಾಸಿಗಳ ಸಮಿತಿಯ ಮುಂದೆ ಅದನ್ನು ತೋರಿಸಬೇಕಾದದ್ದು 2024ರ ಮಾರ್ಚ್‌ನಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟು ನಗರದ ಎಷ್ಟೋ ಕೊಳವೆಬಾವಿಗಳು ಬತ್ತಿದ್ದವು, ಎಲ್ಲರ ಬಾಯಲ್ಲೂ ಟ್ಯಾಂಕರಿನದೇ ಮಾತು. ಅಂದು ಬೆಳಿಗ್ಗೆ ಪಂಪ್ ಕೋಣೆಯಲ್ಲಿ ನನಗೂ ಅಕ್ಕನ ಮಗನಿಗೂ ವಾದ ಹತ್ತಿತು. “ಮಾವ, ನೀರಿನ ಮಟ್ಟ ಬದಲಾದಾಗ ಮಾತ್ರ ಸಂದೇಶ ಕಳುಹಿಸಿದರೆ ಸಾಕು. ಅರ್ಧ ಗಂಟೆಗೊಮ್ಮೆ ಕಳುಹಿಸಿದರೆ ಬ್ಯಾಟರಿ ವ್ಯರ್ಥ” ಎನ್ನುವುದು ಅವನ ಪಟ್ಟು.

ಬ್ಯಾಟರಿಯ ಚಿಂತೆ ನನಗೆ ಹೊಸದಲ್ಲ. ಲಡಾಖಿನ ಚಳಿಗೆ ಅದರ ಶಕ್ತಿ ಕುಗ್ಗುತ್ತದೆ. ಕೋಟಿನೊಳಗೆ ಬೆಚ್ಚಗಿಟ್ಟು, ಗೊತ್ತಾದ ಹೊತ್ತಿಗೆ ಸೆಟ್‌ಗೆ ಜೋಡಿಸಿ, ಹೇಳಲು ಏನೂ ಇಲ್ಲದಿದ್ದರೂ ಕರೆಯುತ್ತಿದ್ದೆವು. ಕರೆ ಬಾರದ ಠಾಣೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಇದನ್ನು ವಿವರಿಸಿದರೆ ಹುಡುಗ ಮುದುಕನ ಯುದ್ಧಕಥೆ ಎಂಬಂತೆ ಕೇಳಿಸಿಕೊಂಡ.

ಮೂಲೆಯಲ್ಲಿ ವಾಲ್ವ್ ತಿರುಗಿಸುತ್ತಿದ್ದ ಪಂಪ್ ಆಪರೇಟರ್ ತಲೆ ಎತ್ತಿ, “ಸಾರ್, ಪೆಟ್ಟಿಗೆ ಕೆಟ್ಟು ಸುಮ್ಮನಿದ್ದರೂ, ನೀರು ಹಾಗೇ ನಿಂತು ಸುಮ್ಮನಿದ್ದರೂ ನನಗೆ ಒಂದೇ ಥರ ಕಾಣುತ್ತದಲ್ಲ?” ಎಂದರು.

ಹುಡುಗ ಮಾತಿಲ್ಲದೆ ಲ್ಯಾಪ್‌ಟಾಪ್ ತೆರೆದ. ಅರ್ಧ ಗಂಟೆ ದಾಟಿಯೂ ಸಂದೇಶ ಬಾರದಿದ್ದರೆ ಪಂಪ್ ಕೋಣೆಯ ಕೆಂಪು ದೀಪ ಉರಿಯುವಂತೆ ಬದಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸಂಜೆ ಸಮಿತಿಯವರು ಇಳಿದು ಬಂದರು. ಮೊಬೈಲಿನಲ್ಲಿ ಗ್ರಾಫ್ ಬರುತ್ತದೆಯೇ, ಬಣ್ಣ ಬದಲಿಸಬಹುದೇ ಎಂಬ ಪ್ರಶ್ನೆಗಳೇ ಹೆಚ್ಚು. ನಡುವೆ ಆಪರೇಟರ್ ಯಾರನ್ನೂ ಕೇಳದೆ ಪೆಟ್ಟಿಗೆಯ ತಂತಿ ಕಿತ್ತು ಕೈಕಟ್ಟಿ ನಿಂತರು. ಹೂಡಿಕೆದಾರರು ಎಷ್ಟೋ ಬಗೆಯಲ್ಲಿ ನನ್ನನ್ನು ಪರೀಕ್ಷಿಸಿದ್ದಾರೆ, ಆದರೆ ಆ ಅರ್ಧ ಗಂಟೆಯಷ್ಟು ಬೆವರಿಳಿಸಿದವರಿಲ್ಲ. ಚಹಾ ಬಂತು, ಮುಗಿಯಿತು. ದೀಪ ಹೊತ್ತಿತು.

ಎರಡು ಟವರ್‌ಗೆ ಆರ್ಡರ್ ಸಿಕ್ಕಿತು, ಅದೂ ಚೌಕಾಸಿ ಮಾಡಿ, ಮುಂಗಡವಿಲ್ಲದೆ. ಆಪರೇಟರ್ ಮಾತ್ರ ಒಪ್ಪಲಿಲ್ಲ. “ದೀಪ ಸಾಲದು ಸಾರ್, ರಾತ್ರಿ ಪಾಳಿಯಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಗಂಟೆ ಇಡಿ.” ಹುಡುಗ ಸಮಿತಿಯ ಗ್ರಾಫ್ ಬದಿಗಿಟ್ಟು ಅದನ್ನೇ ಮೊದಲು ಬರೆದುಕೊಂಡ. ಗಂಟೆಯ ಸದ್ದಿಗೆ ನೆಲಮಹಡಿಯವರು ದೂರು ಕೊಟ್ಟದ್ದು ಮುಂದಿನ ತಿಂಗಳ ತಕರಾರು.