ಸೂಜಿ ಕದಲಲಿಲ್ಲ

ಸ್ಟುಟ್‌ಗಾರ್ಟ್‌ನ ನಮ್ಮ ಪಕ್ಕದ ಮನೆ ಅಜ್ಜನ 1970ರ ಫೋಕ್ಸ್‌ವ್ಯಾಗನ್ 1600 ಇವತ್ತು ಕರಿ ಹೊಗೆ ಉಗುಳದೆ ಸ್ಟಾರ್ಟ್ ಆಯ್ತು. ಮೂರು ವಾರ ಕಾಡಿದ್ದು ಅದರ ಡಿ-ಜೆಟ್ರಾನಿಕ್‌ನ, ಅಂದರೆ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯ, ಪ್ರೆಶರ್ ಸೆನ್ಸರ್. ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ಡಬ್ಬಿ. ಡಿ ಅಂದರೆ ಡ್ರೂಕ್, ಜರ್ಮನ್‌ನಲ್ಲಿ ಒತ್ತಡ.

ಒಳಗೆ ಗಾಳಿ ತೆಗೆದು ಮುಚ್ಚಿದ ತೆಳು ಬಿಲ್ಲೆಗಳಿವೆ. ಇಂಜಿನ್ ಗಾಳಿ ಎಳೆಯುವ ಕೊಳವೆಗೆ ಡಬ್ಬಿ ಜೋಡಿಸಿರುತ್ತೆ; ಬಿಲ್ಲೆಗಳ ಸುತ್ತಲ ಒತ್ತಡ ಇಳಿದರೆ ಅವು ಉಬ್ಬುತ್ತವೆ, ಕಾಯಿಲಿನೊಳಗಿನ (ತಂತಿ ಸುರುಳಿಯೊಳಗಿನ) ಕಬ್ಬಿಣದ ತುಂಡನ್ನು ಸರಿಸುತ್ತವೆ. ಪೆಟ್ರೋಲ್ ಎಷ್ಟು ಹೊತ್ತು ಚಿಮ್ಮಬೇಕು ಅನ್ನೋದಕ್ಕೆ ಅದೇ ಮುಖ್ಯ ಲೆಕ್ಕ. ಕಂಪ್ಯೂಟರ್ ಮನೆಗೆ ಬರುವ ಮುಂಚಿನ ಕಾಲದ್ದು, ಎಂಥಾ ತಲೆ ಅಲ್ವಾ!

ಇದರ ಡಯಾಫ್ರಮ್‌ನಲ್ಲಿ, ಅಂದರೆ ಹೊರಗಿನ ಗಾಳಿಯನ್ನು ತಡೆಯುವ ತೆಳು ಪೊರೆಯಲ್ಲಿ, ಕೂದಲೆಳೆಯಷ್ಟು ಬಿರುಕು. ಗಾಳಿ ಒಳಗೆ ನುಗ್ಗಿ, ಒತ್ತಡ ಏರಿ, ಇಂಜಿನ್ ಭಾರ ಎಳೀತಿದೆ ಅಂತ ತಪ್ಪು ಲೆಕ್ಕ, ಪೆಟ್ರೋಲ್ ಜಾಸ್ತಿ. ಹಿಂದೆ ಯಾರೋ ಸೀಲ್ ಒಡೆದು ಸ್ಕ್ರೂ ಬೇರೆ ತಿರುಗಿಸಿದ್ದರು. ಅದು ನನಗೆ ನಿಜಕ್ಕೂ ಬೇಜಾರಾಯ್ತು. ಅಳತೆ ಇಲ್ಲದೆ ಅದನ್ನು ಮುಟ್ಟಲೇಬಾರದು.

ಹೊಸ ಡಯಾಫ್ರಮ್ ಕೂರಿಸಿ, ಕೈಪಂಪಿನಲ್ಲಿ ಗಾಳಿ ಎಳೆದು, ಹಂತಹಂತಕ್ಕೂ ಕಾಯಿಲಿನ ಇಂಡಕ್ಟೆನ್ಸ್ ಅಳೆದೆ; ಕಬ್ಬಿಣದ ತುಂಡು ಸರಿದಂತೆ ಬದಲಾಗುವ ವಿದ್ಯುತ್ ಗುಣ ಅದು. ಪಂಪಿನ ಮೀಟರ್ ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಅಂತ ಮಾತ್ರ. ಹಾಗಾಗಿ ಆ ದಿನದ ವಾಯುಭಾರವನ್ನೂ ಲೆಕ್ಕಕ್ಕೆ ತಗೋಬೇಕು. ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಲ್ಲಿ ಕೂತು ಇದೇ ಕೆಲಸ ಮಾಡಿದ್ದರೆ ಲೆಕ್ಕವೇ ಬೇರೆ. ಬಿಲ್ಲೆಯೊಳಗೆ ಮಾತ್ರ ಎಲ್ಲಿಗೆ ಹೋದರೂ ಅದೇ ಖಾಲಿ. ಸುಮ್ನೆ ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಐದು ನಿಮಿಷ ಕಾದೆವು. ಪಂಪಿನ ಮೀಟರಿನ ಸೂಜಿ ಕದಲಲಿಲ್ಲ, ಅಂದರೆ ಎಲ್ಲೂ ಸೋರಿಕೆ ಇಲ್ಲ. ಅಜ್ಜ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.