ಪರದೆಯ ಮೇಲೆ ಮುಗಿಯದ ಫುಟ್‌ಬಾಲ್

2025ರ ಜುಲೈ 13ರಂದು ಕ್ಲಬ್ ವಿಶ್ವಕಪ್ ಫೈನಲ್‌ನ ಮೊದಲಾರ್ಧ ಮುಗಿದಾಗ ಪ್ಯಾರಿಸ್ ಸೇಂಟ್ ಜರ್ಮೇನ್ ವಿರುದ್ಧ ಚೆಲ್ಸಿ ತಂಡ ಮೂರು ಗೋಲುಗಳಿಂದ ಮುಂದಿತ್ತು. ನಾನು ಟಿ.ವಿ. ಆರಿಸಿ ಎದ್ದುಬಿಟ್ಟೆ. ಇಷ್ಟು ವರ್ಷ ಫುಟ್‌ಬಾಲ್ ನೋಡುತ್ತ ಬಂದವನು ಫೈನಲ್ ಪಂದ್ಯವೊಂದನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ಪಂದ್ಯ ಏಕಪಕ್ಷೀಯವಾಗಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಆರು ವಾರಗಳ ಹಿಂದೆ, ಮೇ 31ರಂದು, ಇದೇ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡ ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 5–0ಯಿಂದ ಸೋಲಿಸಿ, ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಾಗ, ಅದಕ್ಕಿಂತಲೂ ಏಕಪಕ್ಷೀಯವಾಗಿದ್ದ ಆ ಪಂದ್ಯವನ್ನು ನಾನು ಕೊನೆಯ ಶಿಳ್ಳೆಯವರೆಗೂ ಕಣ್ಣು ಕೀಳದೆ ನೋಡಿದ್ದೆ. ಹಾಗಾದರೆ ಬದಲಾದದ್ದು ಆಟವಲ್ಲ, ನೋಡುವ ನಾನು. ಮತ್ತೆ ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 13ರಂದು, ಅದೇ ಪ್ಯಾರಿಸ್ ತಂಡ ಟಾಟನ್‌ಹ್ಯಾಮ್ ವಿರುದ್ಧ ಯುರೋಪಿಯನ್ ಸೂಪರ್ ಕಪ್ ಆಡಲು ಕಣಕ್ಕಿಳಿದಾಗ, ಒಂದು ಋತು ಮುಗಿದದ್ದು ಯಾವಾಗ, ಮುಂದಿನದು ಶುರುವಾದದ್ದು ಯಾವಾಗ ಎಂಬುದೇ ನನಗೆ ತಿಳಿಯದಂತಾಗಿತ್ತು.

ಟಿ.ವಿ.ಯಲ್ಲಿ ಫುಟ್‌ಬಾಲ್ ಅತಿಯಾಯಿತೇ, ಅಭಿಮಾನಿಗಳು ದಣಿಯುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ಹಳಬರು ಹೌದೆಂದು ತಲೆಯಾಡಿಸುತ್ತಾರೆ. ಪ್ರಸಾರ ಮಾಡುವವರು ವೀಕ್ಷಕರ ಸಂಖ್ಯೆಯನ್ನು ಮುಂದಿಟ್ಟು ಇಲ್ಲವೆನ್ನುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಫುಟ್‌ಬಾಲ್ ಎಂಬ ಆಟದಿಂದ ದಣಿದವರನ್ನು ನಾನು ಕಂಡಿಲ್ಲ. ದಣಿವು ಬರುತ್ತಿರುವುದು ಸೋತರೂ ಏನೂ ಕಳೆದುಹೋಗದ ಪಂದ್ಯಗಳಿಂದ, ಮತ್ತು ಅದು ಮೊದಲು ತಟ್ಟುವುದು ಆಟವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರಿಗೆ. ಸುಮ್ಮನೆ ಆಗೊಮ್ಮೆ ಈಗೊಮ್ಮೆ ನೋಡುವವನಿಗೆ ಪಂದ್ಯಗಳು ಹತ್ತಿದ್ದರೂ ಒಂದೇ, ನೂರಿದ್ದರೂ ಒಂದೇ. ಪ್ರತಿಯೊಂದನ್ನೂ ಮನಸ್ಸಿಗೆ ತೆಗೆದುಕೊಳ್ಳುವವನ ಮನಸ್ಸಿಗೆ ಮಾತ್ರ ಒಂದು ಅಳತೆಯಿದೆ.

ಈ ಆಟ ಟಿ.ವಿ.ಯನ್ನು ಒಂದು ಕಾಲಕ್ಕೆ ಎಷ್ಟು ಅನುಮಾನದಿಂದ ಕಂಡಿತ್ತು ಎಂಬುದನ್ನು ಇಂದು ನೆನೆದರೆ ಆಶ್ಚರ್ಯವಾಗುತ್ತದೆ. ಇಂಗ್ಲೆಂಡಿನ ಲೀಗ್ ಪಂದ್ಯವೊಂದು ಮೊದಲ ಬಾರಿಗೆ ನೇರಪ್ರಸಾರವಾದದ್ದು 1960ರ ಸೆಪ್ಟೆಂಬರ್ 10ರಂದು. ಆಡಿದ ತಂಡಗಳು ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್. ಮನೆಯಲ್ಲೇ ಕುಳಿತು ನೋಡುವಂತಾದರೆ ಮೈದಾನಕ್ಕೆ ಯಾರು ಬಂದಾರು ಎಂಬ ಅಂಜಿಕೆಯಿಂದ ಆ ಪ್ರಯೋಗ ಮುಂದುವರಿಯಲಿಲ್ಲ, ಮತ್ತು ಅಲ್ಲಿನ ವೀಕ್ಷಕರು ಇನ್ನೊಂದು ಲೀಗ್ ಪಂದ್ಯವನ್ನು ನೇರವಾಗಿ ನೋಡಲು 1983ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ನಡುವಿನ ಆ ಇಪ್ಪತ್ತಮೂರು ವರ್ಷ ಜನರಿಗೆ ಹೆಚ್ಚಾಗಿ ದೊರೆಯುತ್ತಿದ್ದದ್ದು ಆಯ್ದ ದೃಶ್ಯಗಳು ಮಾತ್ರ. 1964ರಲ್ಲಿ ಬಿಬಿಸಿ ಆರಂಭಿಸಿದ ಶನಿವಾರ ರಾತ್ರಿಯ ಕಾರ್ಯಕ್ರಮ ಅದಕ್ಕಾಗಿಯೇ ಹುಟ್ಟಿದ್ದು. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಯಾವ ಫುಟ್‌ಬಾಲ್ ಪಂದ್ಯವನ್ನೂ ನೇರವಾಗಿ ತೋರಿಸಬಾರದೆಂಬ ಹಳೆಯ ನಿಯಮ ಇಂದಿಗೂ ಉಳಿದಿದೆ. ನ್ಯಾಯವಾಗಿ ಹೇಳಬೇಕೆಂದರೆ ಅಂದಿನ ಅಂಜಿಕೆ ನಿಜವಾಗಲಿಲ್ಲ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ ಮೈದಾನಗಳು ಈಗಲೂ ತುಂಬಿಯೇ ಇರುತ್ತವೆ. ಅವರು ಹೆದರಿದ್ದು ಖಾಲಿ ಕುರ್ಚಿಗಳಿಗೆ. ಕುರ್ಚಿಗಳೆಲ್ಲ ತುಂಬಿರುವಾಗಲೂ ಪಂದ್ಯವೊಂದು ಒಳಗಿನಿಂದ ಬರಿದಾಗಬಹುದು ಎಂಬುದು ಅವರ ಯೋಚನೆಗೆ ಬಂದಿರಲಾರದು.

ಬರಿದಾಗುವುದು ಎಂದರೆ ಏನು ಎಂಬುದನ್ನು ಒಂದು ಸರಳ ಲೆಕ್ಕದಿಂದ ಹೇಳಲು ಯತ್ನಿಸುತ್ತೇನೆ. ಒಂದು ಟೂರ್ನಿಯ ಮೊದಲ ಹಂತದಲ್ಲಿ ಎಷ್ಟು ಪಂದ್ಯಗಳಾಡಿದ ಮೇಲೆ ಎಷ್ಟು ತಂಡಗಳು ಹೊರಬೀಳುತ್ತವೆ ಎಂಬುದನ್ನು ನೋಡಿ. 1998ರಿಂದ 2022ರವರೆಗೆ ವಿಶ್ವಕಪ್‌ನಲ್ಲಿ 32 ತಂಡಗಳಿದ್ದವು. ಗುಂಪು ಹಂತದ 48 ಪಂದ್ಯಗಳ ಕೊನೆಗೆ ಅವುಗಳಲ್ಲಿ ಅರ್ಧ, ಎಂದರೆ 16 ತಂಡಗಳು ಮನೆಗೆ ಹೋಗುತ್ತಿದ್ದವು. 2026ರ ವಿಶ್ವಕಪ್‌ನ ಮಾದರಿಯಲ್ಲಿ 48 ತಂಡಗಳಿವೆ, ಗುಂಪು ಹಂತದಲ್ಲಿಯೇ 72 ಪಂದ್ಯಗಳಿವೆ, ಮತ್ತು ಆ 72 ಪಂದ್ಯಗಳ ಕೊನೆಗೆ ಹೊರಬೀಳುವುದು ಅದೇ 16 ತಂಡಗಳು. ಹೆಚ್ಚುವರಿಯಾಗಿ ಸೇರಿದ ಇಪ್ಪತ್ತನಾಲ್ಕು ಪಂದ್ಯಗಳು ಒಂದೇ ಒಂದು ತಂಡವನ್ನೂ ಹೆಚ್ಚಾಗಿ ಹೊರಹಾಕುವುದಿಲ್ಲ. ಚಾಂಪಿಯನ್ಸ್ ಲೀಗ್‌ನ ಲೆಕ್ಕ ಇನ್ನೂ ಕಠಿಣವಾದದ್ದು. ಹಳೆಯ ಮಾದರಿಯಲ್ಲಿ 96 ಗುಂಪು ಪಂದ್ಯಗಳು 16 ತಂಡಗಳನ್ನು ಸ್ಪರ್ಧೆಯಿಂದ ಹೊರಗಿಡುತ್ತಿದ್ದವು. 2024ರಲ್ಲಿ ಜಾರಿಗೆ ಬಂದ ಹೊಸ ಮಾದರಿಯಲ್ಲಿ ಮೊದಲ ಹಂತದ 144 ಪಂದ್ಯಗಳು ಹೊರಗಿಡುವುದು 12 ತಂಡಗಳನ್ನು ಮಾತ್ರ. ಒಟ್ಟು ಪಂದ್ಯಗಳು 125ರಿಂದ 189ಕ್ಕೆ ಏರಿದವು, ಸೋಲಿನ ಬೆಲೆ ಮಾತ್ರ ಇಳಿಯಿತು. ಹೊಸ ಮಾದರಿಯ ಮೊದಲ ವರ್ಷದಲ್ಲಿಯೇ ಪ್ಯಾರಿಸ್ ತಂಡ ಲೀಗ್ ಹಂತದಲ್ಲಿ ಹದಿನೈದನೆಯ ಸ್ಥಾನದಲ್ಲಷ್ಟೇ ಮುಗಿಸಿ, ಕೊನೆಗೆ ಕಪ್ ಎತ್ತಿತು. ಅದು ಆ ತಂಡದ ಛಲವೆಂದು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಅವರ ಪ್ರತಿಯೊಂದು ಸೋಲಿಗೂ ಮರುಗಿದ ಅಭಿಮಾನಿಯ ಆ ಮರುಕಕ್ಕೆ ಸ್ಪರ್ಧೆ ಯಾವ ಬೆಲೆ ಕೊಟ್ಟಿತು?

ಮನಸ್ಸು ಈ ಲೆಕ್ಕವನ್ನು ಕಾಗದದ ಮೇಲೆ ಹಾಕುವುದಿಲ್ಲ, ಆದರೂ ಅದಕ್ಕೆ ಗೊತ್ತಾಗುತ್ತದೆ. ಪಂದ್ಯ ನಡೆಯುತ್ತಿರುವಾಗ ಕೈ ತಾನಾಗಿಯೇ ಮೊಬೈಲಿನತ್ತ ಹೋಗುತ್ತದೆ. ಗೋಲಾದ ಸದ್ದು ಕೇಳಿ ತಲೆಯೆತ್ತಿ ಮರುಪ್ರಸಾರ ನೋಡಿದರಾಯಿತು ಎನಿಸುತ್ತದೆ. ಕಳೆದ ಋತುವಿನಲ್ಲಿ ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ಮೂರು ದಿನಗಳಲ್ಲಿ ನೋಡಿದ ಆರು ಪಂದ್ಯಗಳ ಫಲಿತಾಂಶಗಳನ್ನು ನೆನಪಿಸಿಕೊಳ್ಳಲು ಕುಳಿತೆ. ಎರಡು ಮಾತ್ರ ನೆನಪಾದವು, ಅವುಗಳಲ್ಲಿ ಒಂದು ತಪ್ಪಾಗಿತ್ತು. ಅದೇ ನಾನು ಬಾಲ್ಯದಲ್ಲಿ ನೋಡಿದ ವಿಶ್ವಕಪ್ ಪಂದ್ಯಗಳಲ್ಲಿ ಗೋಲು ಹೊಡೆದವರು ಯಾರು, ಎಷ್ಟನೆಯ ನಿಮಿಷ ಎಂಬುದನ್ನು ಈಗಲೂ ತಡವರಿಸದೆ ಹೇಳಬಲ್ಲೆ. ವಯಸ್ಸು ಇದಕ್ಕೆ ಸ್ವಲ್ಪ ಮಟ್ಟಿಗೆ ಕಾರಣವಿರಬಹುದು, ಆದರೆ ಪೂರ್ತಿ ಅದೇ ಕಾರಣವೆಂದು ನಾನು ನಂಬುವುದಿಲ್ಲ. ಅಂದು ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಅದನ್ನು ಮೆಲುಕು ಹಾಕಲು, ಗೆಳೆಯರೊಡನೆ ಜಗಳವಾಡಲು, ಆ ಪೆನಾಲ್ಟಿ ಕೊಡಬೇಕಿತ್ತೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಲು ದಿನಗಳಿದ್ದವು. ನೆನಪು ಗಟ್ಟಿಯಾಗುತ್ತಿದ್ದದ್ದು ಪಂದ್ಯದಲ್ಲಿ ಅಲ್ಲ, ಆ ಬಿಡುವಿನಲ್ಲಿ.

ಪಂದ್ಯಗಳನ್ನು ಕೊಂಡು ಮಾರುವವರು ಈ ದಣಿವನ್ನು ಬಾಯಿಬಿಟ್ಟು ಒಪ್ಪದಿದ್ದರೂ ಅವರ ಒಪ್ಪಂದಗಳು ಬೇರೆಯೇ ಮಾತನ್ನು ಹೇಳುತ್ತವೆ. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದಾಗ ಋತುವಿಗೆ 60 ಪಂದ್ಯಗಳು ನೇರಪ್ರಸಾರವಾಗುತ್ತಿದ್ದವು. 2016ರಿಂದ 2019ರವರೆಗಿನ ಮೂರು ವರ್ಷಗಳ ಒಪ್ಪಂದದಲ್ಲಿ ಬ್ರಿಟನ್ನಿನ ಪ್ರಸಾರ ಸಂಸ್ಥೆಗಳು ಋತುವಿಗೆ 168 ಪಂದ್ಯಗಳಂತೆ ಒಟ್ಟು 513.6 ಕೋಟಿ ಪೌಂಡ್ ಕೊಟ್ಟವು. ಭಾಗಿಸಿ ನೋಡಿದರೆ ಒಂದು ಪಂದ್ಯಕ್ಕೆ ಒಂದು ಕೋಟಿ ಪೌಂಡಿಗಿಂತ ತುಸು ಹೆಚ್ಚು. 2025ರಿಂದ ನಾಲ್ಕು ವರ್ಷಗಳಿಗೆ ಆದ ಒಪ್ಪಂದ 670 ಕೋಟಿ ಪೌಂಡ್‌ಗಳದ್ದು, ಮತ್ತು ಋತುವಿಗೆ ತೋರಿಸಬೇಕಾದ ಪಂದ್ಯಗಳು ಕನಿಷ್ಠ 267. ಈಗ ಒಂದು ಪಂದ್ಯದ ಬೆಲೆ ಸುಮಾರು 60 ಲಕ್ಷ ಪೌಂಡಿನ ಆಸುಪಾಸಿಗೆ ಬಂದು ನಿಂತಿದೆ. ಒಟ್ಟು ಮೊತ್ತವನ್ನು ಮೇಲೆ ಎತ್ತಿ ಹಿಡಿದಿರುವುದು ಪಂದ್ಯಗಳ ಸಂಖ್ಯೆ ಮತ್ತು ಒಪ್ಪಂದದ ಉದ್ದ ಮಾತ್ರ. ಒಂದೊಂದರ ಬೆಲೆ ಕುಸಿಯುತ್ತಿರುವಾಗ ಇನ್ನಷ್ಟು ಮಾರಿ ನಷ್ಟ ತುಂಬಿಕೊಳ್ಳುವ ವ್ಯಾಪಾರಕ್ಕೆ ಕೊನೆಯೆಲ್ಲಿ? ಫ್ರಾನ್ಸಿನಲ್ಲಿ ಈ ದಾರಿಯ ಇನ್ನೊಂದು ತುದಿ ಕಾಣಿಸಿದೆ: 2020ರಲ್ಲಿ ಮೀಡಿಯಾಪ್ರೊ ಎಂಬ ಪ್ರಸಾರ ಸಂಸ್ಥೆಯ ಜೊತೆ ಅಲ್ಲಿನ ಲೀಗ್ ಮಾಡಿಕೊಂಡ ಒಪ್ಪಂದ ಕೆಲವೇ ತಿಂಗಳುಗಳಲ್ಲಿ ಮುರಿದುಬಿತ್ತು, 2024ರಲ್ಲಿ ಡ್ಯಾಜ಼ೋನ್ ಎಂಬ ಇನ್ನೊಂದು ಸಂಸ್ಥೆಯ ಜೊತೆ ಆದ ಒಪ್ಪಂದ ಒಂದೇ ಋತುವಿಗೆ ಮುಗಿಯಿತು, ಕೊನೆಗೆ 2025ರಲ್ಲಿ ಲೀಗ್ ತಾನೇ ಒಂದು ವಾಹಿನಿಯನ್ನು ತೆರೆಯಬೇಕಾಯಿತು.

ಅಭಿಮಾನಿಗಳು ಸುಮ್ಮನೆ ಸಹಿಸಿಕೊಂಡಿದ್ದಾರೆ ಎಂದೂ ಹೇಳುವಂತಿಲ್ಲ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಕೆಲವು ಪಂದ್ಯಗಳನ್ನು ಸೋಮವಾರ ರಾತ್ರಿಗೆ ತಳ್ಳಿದಾಗ, 2018ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್‌ನ ಅಭಿಮಾನಿಗಳು ಮೈದಾನಕ್ಕೆ ಟೆನ್ನಿಸ್ ಚೆಂಡುಗಳನ್ನು ಎಸೆದು ಆಟ ತಡೆದರು. ಮುಂದಿನ ವಾರ ಡಾರ್ಟ್‌ಮಂಡ್‌ನಲ್ಲಿ ಸಾವಿರಾರು ಜನ ಮೈದಾನಕ್ಕೆ ಬರದೆಯೇ ತಮ್ಮ ಮಾತನ್ನು ಹೇಳಿದರು. 2021–22ರ ಋತುವಿನಿಂದ ಸೋಮವಾರದ ಪಂದ್ಯಗಳು ನಿಂತವು. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್‌ನಲ್ಲಿ, ಸೋಂಕಿನ ಕಾರಣ ಮೈದಾನದ ಬಾಗಿಲುಗಳು ಮುಚ್ಚಿದ್ದಾಗ, ಪಂದ್ಯವೊಂದಕ್ಕೆ 14.95 ಪೌಂಡ್ ಕೊಟ್ಟು ನೋಡುವ ವ್ಯವಸ್ಥೆ ತಂದರು. ಹಲವು ಕ್ಲಬ್‌ಗಳ ಅಭಿಮಾನಿಗಳು ಆ ಹಣವನ್ನು ಪಂದ್ಯಕ್ಕೆ ಕೊಡದೆ ಹಸಿದವರಿಗೆ ಆಹಾರ ಒದಗಿಸುವ ಸಂಸ್ಥೆಗಳಿಗೆ ದಾನ ಮಾಡಿದರು, ಮತ್ತು ಆ ವ್ಯವಸ್ಥೆ ಹೆಚ್ಚು ದಿನ ಬಾಳಲಿಲ್ಲ. ತಮ್ಮ ತಂಡದ ಆಟವನ್ನು ಬಿಟ್ಟುಕೊಟ್ಟಾದರೂ ಪ್ರತಿಭಟಿಸಿದ ಇವರು ಫುಟ್‌ಬಾಲ್ ಬೇಡವೆಂದವರಲ್ಲ, ಅದಿಲ್ಲದೆ ಬದುಕಲಾರದವರು. ಅದೇ ತಿಂಗಳುಗಳಲ್ಲಿ ಖಾಲಿ ಮೈದಾನದ ಪಂದ್ಯಗಳಿಗೆ ಮೊದಲೇ ಧ್ವನಿಮುದ್ರಿಸಿಟ್ಟ ಜನರ ಕೂಗನ್ನು ಸೇರಿಸಿ ಪ್ರಸಾರ ಮಾಡಿದಾಗ, ಟಿ.ವಿ. ನಮಗೆ ಇಷ್ಟು ವರ್ಷ ಮಾರುತ್ತಿದ್ದದ್ದು ಬಹುಪಾಲು ಮೈದಾನದಲ್ಲಿ ಕುಳಿತವರ ಎದೆಬಡಿತವನ್ನೇ ಎಂಬುದು ನನಗೆ ಮೊದಲ ಬಾರಿಗೆ ಅರಿವಾಯಿತು.

ಆಟಗಾರರ ಮಾತನ್ನೂ ಇಲ್ಲಿ ಹೇಳಲೇಬೇಕು. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ, ಪಂದ್ಯಗಳ ಸಂಖ್ಯೆ ಹೀಗೆಯೇ ಏರುತ್ತಿದ್ದರೆ ಆಟಗಾರರು ಮುಷ್ಕರ ಹೂಡುವ ದಿನ ದೂರವಿಲ್ಲ ಎಂಬರ್ಥದ ಮಾತಾಡಿದರು. ಒಂದು ವಾರವೂ ಕಳೆಯುವ ಮೊದಲೇ ಮೊಣಕಾಲಿನ ಗಾಯದಿಂದ ಮೈದಾನ ತೊರೆದರು. ಒಂದು ಗಾಯಕ್ಕೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೂ ಬಳಲಿದ ಕಾಲುಗಳು ಆಡುವ ಆಟವನ್ನು ಬಳಲಿದ ಕಣ್ಣುಗಳು ನೋಡುತ್ತಿವೆ ಎಂದು ಅಂದು ನನಗನಿಸಿತು.

"ಬೇಡವಾದರೆ ನೋಡಬೇಡಿ, ನಿಮ್ಮನ್ನು ಯಾರು ಒತ್ತಾಯಿಸಿದರು?" ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ನ್ಯಾಯವಿದೆ, ಆದರೆ ಇದು ಅಭಿಮಾನವೆಂದರೆ ಏನೆಂದು ತಿಳಿಯದ ಮಾತು. ಅಭಿಮಾನಿ ಬಿಡಿ ಬಿಡಿ ಪಂದ್ಯಗಳನ್ನು ಆಯ್ದುಕೊಳ್ಳುವ ಗಿರಾಕಿಯಲ್ಲ. ಆಗಸ್ಟ್‌ನಲ್ಲಿ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುವ ಒಂದು ಕಥೆಯನ್ನು ಅವನು ಅನುಸರಿಸುತ್ತಾನೆ. ಎಲ್ಲವೂ ಎದುರಿಗೇ ಸಿಗುವಾಗ ಒಂದನ್ನು ಬಿಡುವುದೂ ಏನೋ ಕರ್ತವ್ಯ ತಪ್ಪಿದಂತೆ ಕಾಡುತ್ತದೆ. ಆ ಕಥೆಯ ಕಂತುಗಳು ಮೂರು ನಾಲ್ಕು ಬೇರೆ ಬೇರೆ ಚಂದಾಗಳ ಹಿಂದೆ ಹಂಚಿಹೋಗಿರುವಾಗ, ಯಾವ ಪಂದ್ಯ ಎಲ್ಲಿ ಬರುತ್ತದೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಎಲ್ಲ ಪ್ರಸಾರವೂ ಅತಿಯಾಯಿತೆಂದು ನಾನು ಹೇಳುತ್ತಿಲ್ಲ. ಮಹಿಳೆಯರ ಫುಟ್‌ಬಾಲನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಮೈದಾನಗಳಿಂದ ಹೊರಗಟ್ಟಿ, ಸುಮಾರು ಐವತ್ತು ವರ್ಷ ಹೊರಗೇ ಇಟ್ಟಿತ್ತು. 2022ರ ಮಾರ್ಚ್ 30ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನದಲ್ಲಿ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಮಹಿಳಾ ತಂಡಗಳ ಪಂದ್ಯಕ್ಕೆ 91,553 ಜನ ಸೇರಿದ್ದನ್ನು ಪರದೆಯ ಮೇಲೆ ನೋಡುವಾಗ ನನ್ನ ಗಂಟಲು ಕಟ್ಟಿತ್ತು. ಆ ಆಟಕ್ಕೆ ಇನ್ನೂ ಹೆಚ್ಚು ಪ್ರಸಾರ ಬೇಕು. ಎಂದೂ ತೋರಿಸದೆ ಇದ್ದದ್ದನ್ನು ತೋರಿಸುವುದಕ್ಕೂ, ತೋರಿಸಿದ್ದನ್ನೇ ತೆಳುಮಾಡಿ ತೋರಿಸುವುದಕ್ಕೂ ವ್ಯತ್ಯಾಸವಿದೆ.

ಟಿ.ವಿ.ಗೆ ಅತ್ಯಂತ ಅನನುಕೂಲವಾದ ದಿನವೇ ವರ್ಷದ ಅತ್ಯಂತ ಜೀವಂತ ದಿನವಾಗಿರುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಪ್ರೀಮಿಯರ್ ಲೀಗ್‌ನ ಕೊನೆಯ ದಿನ ಹತ್ತೂ ಪಂದ್ಯಗಳು ಒಂದೇ ಗಳಿಗೆಗೆ ಆರಂಭವಾಗುತ್ತವೆ. ವಿಶ್ವಕಪ್‌ನಲ್ಲಿಯೂ, 1982ರಲ್ಲಿ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಎರಡಕ್ಕೂ ಅನುಕೂಲವಾದ 1–0 ಫಲಿತಾಂಶ ಬಂದ ನಂತರ ಕಾಲಹರಣ ಮಾಡಿ ಅಲ್ಜೀರಿಯವನ್ನು ಹೊರಗಟ್ಟಿದ ಮೇಲೆ, ಗುಂಪಿನ ಕೊನೆಯ ಪಂದ್ಯಗಳನ್ನು ಒಟ್ಟಿಗೇ ಆಡಿಸುವ ನಿಯಮ ಬಂತು. ಆ ದಿನಗಳಲ್ಲಿ ಒಬ್ಬ ಮನುಷ್ಯ ಎಲ್ಲವನ್ನೂ ನೋಡಲಾರ. 2012ರ ಮೇ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಸಂಡರ್‌ಲ್ಯಾಂಡ್‌ನಲ್ಲಿ ತಮ್ಮ ಪಂದ್ಯ ಗೆದ್ದು ಮೈದಾನದಲ್ಲಿಯೇ ನಿಂತಿದ್ದರು. ದೂರದ ಇನ್ನೊಂದು ಮೈದಾನದಲ್ಲಿ ಸಿಟಿ ತಂಡದ ಅಗುವೆರೊ ಹೆಚ್ಚುವರಿ ಸಮಯದ ನಾಲ್ಕನೆಯ ನಿಮಿಷದಲ್ಲಿ ಹೊಡೆದ ಗೋಲು ಅವರಿಂದ ಪ್ರಶಸ್ತಿಯನ್ನು ಕಿತ್ತುಕೊಂಡಿತು. ಆ ನಿಲುವನ್ನು, ಆ ಮುಖಗಳನ್ನು ನಾನು ಮರೆತಿಲ್ಲ. 2025ರ ಜನವರಿ 29ರಂದು ಚಾಂಪಿಯನ್ಸ್ ಲೀಗ್‌ನ ಹದಿನೆಂಟು ಪಂದ್ಯಗಳು ಒಟ್ಟಿಗೆ ನಡೆದಾಗ, ನಾನು ಅಷ್ಟೊಂದು ಟೀಕಿಸುವ ಹೊಸ ಮಾದರಿಯಲ್ಲಿಯೂ ಆ ಎರಡು ಗಂಟೆ ಮಾತ್ರ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಆ ಜುಲೈ ತಿಂಗಳ ನಂತರ ನಾನು ನನ್ನ ಮಟ್ಟಿಗೆ ಒಂದು ಕ್ರಮವನ್ನು ಮಾಡಿಕೊಂಡಿದ್ದೇನೆ. ಒಂದೇ ಕ್ಲಬ್, ವಾರಕ್ಕೆ ಒಂದೇ ಪಂದ್ಯ, ಮೊಬೈಲ್ ಪಕ್ಕದ ಕೋಣೆಯಲ್ಲಿ. ಉಳಿದ ಪಂದ್ಯಗಳ ವರದಿಯನ್ನು ಮರುದಿನ ಓದುತ್ತೇನೆ. ಮೊದಲ ಕೆಲವು ವಾರ ಕೈಯಲ್ಲಿ ರಿಮೋಟ್ ಹಿಡಿದು ಚಡಪಡಿಸಿದ್ದು ನಿಜ. ಮೊನ್ನೆ, ಪಂದ್ಯಕ್ಕೆ ಇನ್ನೂ ಎರಡು ದಿನವಿರುವಾಗ, ಎಡಬದಿಯ ರಕ್ಷಣೆಗೆ ಯಾರನ್ನು ಇಳಿಸುತ್ತಾರೋ ಎಂಬ ಯೋಚನೆಯಲ್ಲಿ ಬಹಳ ಹೊತ್ತು ನಿದ್ದೆ ಬರಲಿಲ್ಲ.