ಕೊಳ್ಳುವ ಮುಂಚೆ ಕುರ್ಚಿಯನ್ನು ಮಗುಚಿ ನೋಡಿ

ಮಲೆನಾಡಿನಲ್ಲಿ ಹಳೆ ಮನೆ ಪಾಲಾಗುವಾಗ ಬೀಟೆಯ ಕೆತ್ತನೆ ಮಂಚ ಯಾರಿಗೆ ಅನ್ನುವುದಕ್ಕೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಅದೇ ಮನೆಯ ಜಗಲಿಯಲ್ಲಿದ್ದ ಸಾದಾ ಕುರ್ಚಿ, ರೇಡಿಯೋ ಇಡುತ್ತಿದ್ದ ಸ್ಟ್ಯಾಂಡು, ಗೇರುಬೀಜದ ಆಕಾರದ ಟೀಪಾಯಿ ಮಾತ್ರ ಯಾರಿಗೂ ಬೇಡ. ಸ್ವಲ್ಪ ಕಾಲ ಅಟ್ಟದ ಮೇಲೆ ಇರುತ್ತವೆ. ಆಮೇಲೆ ಗುಜರಿಗೆ ಹೋಗುತ್ತವೆ, ಇಲ್ಲಾ ಬಚ್ಚಲೊಲೆಗೆ. ನಾನು ಹುಡುಕುವುದು, ತಂದಿಟ್ಟುಕೊಳ್ಳುವುದು ಇವನ್ನೇ.

ಸುಮಾರು 1945ರಿಂದ 1970ರ ನಡುವೆ ಆದ ಸಾಮಾನುಗಳ ಮಾತು ಇದು. ಮಿಡ್ ಸೆಂಚುರಿ ಮಾಡರ್ನ್ ಅನ್ನುತ್ತಾರಲ್ಲ, ಅದೇ. ಹೂಬಳ್ಳಿ ಇಲ್ಲ, ಸಿಂಹದ ಪಾದ ಇಲ್ಲ. ಕಾಲು ಕೆಳಗೆ ಬರುತ್ತಾ ಸಣ್ಣಗಾಗುತ್ತದೆ, ಒಂಚೂರು ಹೊರಕ್ಕೆ ಚಾಚಿರುತ್ತದೆ. ಕೈ ಇಡುವ ಜಾಗ ಚಪ್ಪಟೆ, ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಮರದ ನಾರೇ ಅಲಂಕಾರ. ಡೆನ್ಮಾರ್ಕಿನ ಹನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ಕುರ್ಚಿಗಳು ಇವತ್ತಿಗೂ ತಯಾರಾಗುತ್ತಿವೆ. ಆ ಕಾಲದ ಡೆನ್ಮಾರ್ಕಿನ ಬಡಗಿಗಳ ಕೈಗೆ ಸಿಕ್ಕಿದ ತೇಗ ಹೋಗಿದ್ದು ಥಾಯ್ಲೆಂಡಿನಂಥ ನಮ್ಮ ಏಷ್ಯಾದ ಕಾಡುಗಳಿಂದಲೇ.

ನಮ್ಮ ದೇಶದಲ್ಲಿ ಇದರ ದೊಡ್ಡ ಕಥೆ ಚಂಡೀಗಢದ್ದು. ಆ ನಗರದ ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೇ ಹೆಸರು ಎಲ್ಲರಿಗೂ ಗೊತ್ತು. ಕುರ್ಚಿಗಳ ಹಿಂದಿದ್ದ ಮುಖ್ಯ ಮನುಷ್ಯ ಅವನ ಸೋದರ ಸಂಬಂಧಿ ಪಿಯರ್ ಜೆನೆರೆ. 1951ರಿಂದ 1965ರವರೆಗೆ ಅಲ್ಲೇ ಇದ್ದು, ಆಫೀಸು, ಕೋರ್ಟು, ಯೂನಿವರ್ಸಿಟಿಗಳಿಗೆ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದ. ಮಾಡಿದವರು ನಮ್ಮವರೇ ಆದ ಬಡಗಿಗಳು, ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ. ಅದಕ್ಕೇ ಒಂದೇ ನಮೂನೆಯ ಎರಡು ಕುರ್ಚಿಗಳನ್ನು ಅಕ್ಕಪಕ್ಕ ಇಟ್ಟರೆ ಅಳತೆಯಲ್ಲಿ ಅಷ್ಟಿಷ್ಟು ವ್ಯತ್ಯಾಸ ಕಾಣುತ್ತದೆ. ಮುರಿದವನ್ನು ರಾಶಿ ಹಾಕಿ ಹರಾಜು ಹಾಕಿದರು. ವಿದೇಶಿ ವ್ಯಾಪಾರಿಗಳು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿಸಿ, ಹೊರದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇವುಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕಿತು. ಅಷ್ಟು ಹೊತ್ತಿಗೆ ಎಷ್ಟೋ ಹೋಗಿಯಾಗಿತ್ತು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮಲ್ಲೂ ಅದೇ ಕಾಲದ ಸಾಮಾನು ಇದೆ, ಅದೇ ಥರ ಹೋಗುತ್ತಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕಾರ್ಗಲ್, ಜೋಗದ ಕಡೆ ಕ್ವಾರ್ಟರ್ಸುಗಳು, ಐಬಿ ಅನ್ನುವ ಸರ್ಕಾರಿ ಬಂಗಲೆಗಳು, ಭದ್ರಾವತಿಯ ಕಾರ್ಖಾನೆಯ ಮನೆಗಳು, ಶಿವಮೊಗ್ಗದ ಕಾಲೇಜು, ಹಾಸ್ಟೆಲ್ಲುಗಳು, ಇವಕ್ಕೆಲ್ಲ ಕುರ್ಚಿ ಮೇಜು ಬೇಕಿತ್ತು ಅಲ್ವಾ. ಮರ ಪಕ್ಕದ ಕಾಡಿನಲ್ಲೇ ಇತ್ತು, ಕೆಲಸ ಗೊತ್ತಿದ್ದ ಆಚಾರ್ರು ಊರೂರಲ್ಲಿ ಇದ್ದರು. ಅವರು ಮಾಡಿದ ಸಾಮಾನಿಗೆ ಡಿಸೈನರ್ ಹೆಸರಿಲ್ಲ. ಹೆಸರಿಲ್ಲ ಅಂತ ಅದರ ಯೋಗ್ಯತೆ ಕಡಿಮೆ ಆಗುವುದಿಲ್ಲ. ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ತೇಗದ ತೋಳುಕುರ್ಚಿಗಳನ್ನು ಕಬ್ಬಿಣದ ಕಿಟಕಿಗಳ ಕೆಳಗೆ ಒಟ್ಟಿದ್ದನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಸರಿ, ಗುರುತಿಸುವುದು ಹೇಗೆ? ಮೇಲಿನ ಹೊಳಪು ನೋಡಬೇಡಿ, ಕುರ್ಚಿಯನ್ನು ಮಗುಚಿ. ಮೇಲ್ಭಾಗಕ್ಕೆ ಯಾರು ಬೇಕಾದರೂ ಪಾಲಿಶ್ ಹೊಡೆದಿರಬಹುದು, ಅಡಿಭಾಗವನ್ನು ಸಾಮಾನ್ಯವಾಗಿ ಯಾರೂ ಮುಟ್ಟಿರುವುದಿಲ್ಲ.

ಮೊದಲು ಮರ. ನಮ್ಮ ಕಡೆ ಕಪ್ಪಗಿರುವುದೆಲ್ಲ ಬೀಟೆ ಅಂತ ಮಾರುತ್ತಾರೆ. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಆಚಾರ್ರಿಗೆ ನಾನು ಒಂದು ಟೀಪಾಯಿ ತೋರಿಸಿದಾಗ ಅವರು ಬೆರಳಲ್ಲಿ ತಟ್ಟಿ, "ಇದು ಬೀಟೆ ಅಲ್ಲ ಮಾರಾಯ್ರೆ, ಮತ್ತಿ" ಅಂದರು. ಮತ್ತಿಯೂ ಒಳ್ಳೆಯ ಮರವೇ. ಕಂದು ಬಣ್ಣದ ಮೇಲೆ ಕಪ್ಪು ಗೆರೆ ಓಡುತ್ತದೆ, ಪಾಲಿಶ್ ಬಿದ್ದರೆ ಯಾರಿಗಾದರೂ ಮೋಸ ಆಗುತ್ತದೆ. ಬೀಟೆಯ ಕಪ್ಪಿನೊಳಗೆ ನೇರಳೆ ಛಾಯೆ ಇರುತ್ತದೆ, ಅಡಿಯಲ್ಲಿ ಕಾಣದ ಜಾಗದಲ್ಲಿ ಚೂರೇ ಚೂರು ಕೆರೆದರೆ ಸಿಹಿ ವಾಸನೆ ಬರುತ್ತದೆ. ತೇಗದ ವಾಸನೆ ಬೇರೆ, ಸ್ವಲ್ಪ ಚರ್ಮದ ಹಾಗೆ, ಮುಟ್ಟಿದರೆ ಎಣ್ಣೆ ಜಿಡ್ಡು. ತೇಗಕ್ಕೆ ಇನ್ನೊಂದು ಒಳ್ಳೆ ಗುರುತಿದೆ. ಕಾಲಿನ ಅಡಿಯ ಅಡ್ಡ ಕೊಯ್ತ ನೋಡಿ, ವಾಚ್ ರಿಪೇರಿಯವರ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ವರ್ಷದ ಉಂಗುರದ ಗೆರೆಯಲ್ಲೇ ದೊಡ್ಡ ತೂತುಗಳು ಸಾಲಾಗಿ ನಿಂತಿರುತ್ತವೆ. ಮತ್ತಿಯಲ್ಲಿ ತೂತುಗಳು ಎಲ್ಲಾ ಕಡೆ ಚದುರಿರುತ್ತವೆ. ತೇಗ ಅಂತ ಹೇಳಿ ನಂದಿ ಮರ ಕೊಡುವುದೂ ಉಂಟು, ಅದರ ಬಣ್ಣ ಕೆಂಪಿಗೆ ತಿರುಗಿರುತ್ತದೆ, ಆ ಜಿಡ್ಡು ಇರುವುದಿಲ್ಲ.

ಹಲಸನ್ನು ಹಿಡಿಯುವುದು ಸುಲಭ. ಹೊರಗೆ ಗಾಢ ಕಂದಾಗಿದ್ದರೂ ಒಂದು ಗೀರು ಎಳೆದರೆ ಒಳಗೆ ಹಳದಿ ಇಣುಕುತ್ತದೆ. ವೀಣೆಗೆ ಬಳಸುವ ಮರ ಇದು, ಇದರಲ್ಲಿ ಮಾಡಿದ ಕುರ್ಚಿಯನ್ನು ಕೀಳಾಗಿ ನೋಡಬೇಡಿ. ಹೊನ್ನೆ ಆದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ, ಬಟ್ಟೆಗೆ ಹಳದಿ ಹತ್ತುತ್ತದೆ. ಸಕ್ಕರೆ ಕಾಯಿಲೆಯವರು ಮರದ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ, ಅದೇ ಮರ. ಕಾಫಿ ತೋಟದ ಸಿಲ್ವರ್ ಓಕ್‌ನಲ್ಲಿ ಜಾಳಿಗೆಯಂಥ ಚುಕ್ಕೆಗಳು ಹೊಳೆಯುತ್ತವೆ.

ಮರ ಗೊತ್ತಾದ ಮೇಲೆ ಕಾಲ ಗೊತ್ತಾಗಬೇಕು. ಇಲ್ಲಿ ಜೋಡಣೆ ಸಹಾಯ ಮಾಡುತ್ತದೆ. ಆಗಿನ ಕುರ್ಚಿಯಲ್ಲಿ ಒಂದು ಮರದ ತುದಿಗೆ ನಾಲಿಗೆ ತೆಗೆದು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಅಥವಾ ಬಿದಿರಿನ ಗೂಟ ಹೊಡೆದಿರುತ್ತಾರೆ. ಸ್ಕ್ರೂ ಇದ್ದರೆ ತಲೆ ನೋಡಿ: ಒಂದೇ ಗೀರಿನ ತಲೆ ಹಳೆಯದು, ಪ್ಲಸ್ ಆಕಾರದ್ದು ಹೆಚ್ಚಾಗಿ ಈಚಿನದು. ಅಂಟಿನ ವಿಷಯಕ್ಕೆ ಬಂದರೆ, ಫೆವಿಕಾಲ್ ಬಂದದ್ದು 1959ರಲ್ಲಿ. ಅದಕ್ಕೂ ಮುಂಚೆ ಮೂಳೆ, ಚರ್ಮ ಬೇಯಿಸಿ ಮಾಡಿದ ಗೋಂದನ್ನು ಬಿಸಿ ಮಾಡಿ ಹಚ್ಚುತ್ತಿದ್ದರು. ಅದು ಕಂದಾಗಿ, ಗಾಜಿನ ಹಾಗೆ ಪುಡಿಯಾಗುತ್ತದೆ, ಬಿಸಿನೀರಿಗೆ ಕರಗುತ್ತದೆ. ಆದರೆ ಒಂದೇ ಗುರುತು ಹಿಡಿದು ತೀರ್ಮಾನಕ್ಕೆ ಬರಬೇಡಿ. 1955ರ ಕುರ್ಚಿಗೆ 1990ರಲ್ಲಿ ಯಾರೋ ಪ್ಲಸ್ ಸ್ಕ್ರೂ ಹಾಕಿ ಫೆವಿಕಾಲ್ ಮೆತ್ತಿರುತ್ತಾರೆ, ಅಷ್ಟಕ್ಕೇ ಕುರ್ಚಿ ಹೊಸದಾಗುವುದಿಲ್ಲ.

ಬೆತ್ತದ ಸೀಟಿದ್ದರೆ ಚೌಕಟ್ಟಿನ ಅಡಿ ನೋಡಿ. ಕೈಯಲ್ಲಿ ಹೆಣೆದದ್ದಾದರೆ ಸಾಲಾಗಿ ತೂತುಗಳಿರುತ್ತವೆ, ಬೆತ್ತದ ಎಳೆ ಒಂದರಿಂದ ಇನ್ನೊಂದಕ್ಕೆ ಹಾಯ್ದಿರುತ್ತದೆ. ಮಿಷನ್ನಿನಲ್ಲಿ ನೇಯ್ದ ಹಾಳೆಯನ್ನು ಕಾಲುವೆ ತೋಡಿ ಅದರೊಳಗೆ ಒತ್ತಿ ಕೂರಿಸಿರುತ್ತಾರೆ. ಈಗ ವಿ ಆಕಾರದ ಕಾಲು, ಬೆತ್ತದ ಬೆನ್ನು ಇರುವುದೆಲ್ಲ "ಚಂಡೀಗಢ ಕುರ್ಚಿ" ಅನ್ನುವ ಹೆಸರಲ್ಲಿ ಮಾರಾಟಕ್ಕೆ ಇದೆ. ಹೊಸದು ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ. ಹಳೆಯದು ಅಂದರೆ ಮಾತ್ರ ಮಗುಚಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಣ್ಣದಲ್ಲಿ ಬರೆದ ಅಕ್ಷರ, ನಂಬರು. ಇಲಾಖೆಯ ಕುರ್ಚಿಗಳ ಹಿಂದೆಯೋ ಅಡಿಯಲ್ಲೋ ಇರುತ್ತವೆ. ಚಂಡೀಗಢದ ಕುರ್ಚಿಗಳಲ್ಲಿ ಯಾವ ಕಟ್ಟಡದ್ದು ಅಂತ ಹೇಳುವುದೇ ಈ ಬರಹ, ಅದಕ್ಕೇ ಅದನ್ನೂ ನಕಲು ಮಾಡುತ್ತಾರೆ. ಅಸಲಿ ಬಣ್ಣ ಮರದ ಸವೆತದ ಜೊತೆಗೇ ಸವೆದಿರುತ್ತದೆ, ಆಮೇಲೆ ಬಿಟ್ಟ ಸೀಳಿನ ಒಳಗೆ ಇಳಿದಿರುವುದಿಲ್ಲ. ನಮ್ಮಲ್ಲಿ ಏನಾಗುತ್ತದೆ ಅಂದರೆ, ಮನೆಗೆ ತಂದ ದಿನವೇ ಮಿಷನ್ನಿನಲ್ಲಿ ಉಜ್ಜಿ, ಅಕ್ಷರ ಅಳಿಸಿ, ಮೇಲೆ ಗಾಜಿನಂಥ ಪಾಲಿಶ್ ಹೊಡೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ನಂಬರು ಹೋದರೆ ಆ ಕುರ್ಚಿ ಎಲ್ಲಿಂದ ಬಂತು ಅನ್ನುವುದಕ್ಕೆ ಇನ್ಯಾವ ದಾಖಲೆಯೂ ಉಳಿಯುವುದಿಲ್ಲ. ಹಳೆ ಅರಗಿನ ಪಾಲಿಶ್ ಇದೆಯಾ ಅಂತ ತಿಳಿಯಬೇಕಾದರೆ ಅಡಿಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ. ಅರಗಾದರೆ ಮೆತ್ತಗಾಗಿ ಅಂಟುತ್ತದೆ. ಅದು ಇದ್ದರೆ ಕೀಳಬೇಕಾಗಿಲ್ಲ, ಅದೇ ಪಾಲಿಶನ್ನು ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಹಚ್ಚಿದರೆ ಹಳೆಯದರ ಜೊತೆ ಬೆರೆತುಕೊಳ್ಳುತ್ತದೆ.

ತಂದ ಸಾಮಾನನ್ನು ನಾನು ನೇರ ಮನೆಯೊಳಗೆ ಇಡುವುದಿಲ್ಲ. ಕಾಲುಗಳ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಹೊರಗೆ ಬಿಡುತ್ತೇನೆ. ಹೊಸ ಪುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಮರದ ನಡುವಿನ ಗಟ್ಟಿ ಚೇಗಿಗಿಂತ ಅಂಚಿನ ಬಿಳಿ ಭಾಗಕ್ಕೇ ಅದು ಜಾಸ್ತಿ ಬೀಳುವುದು. ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾದರೆ ಅಂಚು ಕೆತ್ತಿಸಬೇಡಿ. ಮರ ತೇವಕ್ಕೆ ಉಬ್ಬಿದೆ ಅಷ್ಟೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತಾನಾಗಿ ಸಡಿಲ ಆಗುತ್ತದೆ. ಈಗಲೇ ಕೆತ್ತಿದರೆ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ. ಅಷ್ಟರವರೆಗೆ ಮೇಣದಬತ್ತಿ ಉಜ್ಜಿ, ಗೋಡೆಯಿಂದ ಒಂದು ಗೇಣು ದೂರ ಇಡಿ, ಬೂಷ್ಟೂ ಕಡಿಮೆ.

ಇನ್ನೊಂದು ಕೆಲಸ ಮಾಡುತ್ತೇನೆ. ಪ್ರತಿ ಸಾಮಾನಿನ ಅಡಿಗೆ ಒಂದು ಚೀಟಿ ಅಂಟಿಸುತ್ತೇನೆ: ಯಾವ ಊರಿನದು, ಯಾವ ಮರ, ಮಾರಿದವರು ಮಾಡಿದ ಆಚಾರ್ರ ಹೆಸರು ಹೇಳಿದ್ದರೆ ಅದು, ನಾನು ಏನೇನು ರಿಪೇರಿ ಮಾಡಿಸಿದೆ. ಹೆಸರು ಸಿಗುವುದು ಅಪರೂಪ, ಕೇಳುವುದನ್ನು ಮಾತ್ರ ಬಿಡುವುದಿಲ್ಲ. ಬರೆಯುವುದು ಪೆನ್ಸಿಲ್ಲಿನಲ್ಲಿ. ಇಂಕು ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಹರಡಿಬಿಡುತ್ತದೆ.